ಮಾವ ನೋಡಿದ ಕಡೆ

ನನ್ನ ಸೋದರಮಾವ ಆ ದಿನ ಕಣ್ಣನ್ನು ಯಾವ ಕಡೆಗೆ ತಿರುಗಿಸಿದರು ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ಎಡಕ್ಕೆ ಎಂದು ನನ್ನ ನೆನಪು ಹೇಳುತ್ತದೆ. ಆದರೆ ಅದೇ ನೆನಪಿನಲ್ಲಿ ಡಾಕ್ಟರು ಕನ್ನಡಕ ಹಾಕಿಕೊಂಡಿದ್ದಾರೆ. ಆ ಡಾಕ್ಟರು ಎಂದೂ ಕನ್ನಡಕ ಹಾಕಿದವರಲ್ಲ ಎಂದು ಆಮೇಲೆ ತಿಳಿಯಿತು. ಅದೇ ನೆನಪಿನಲ್ಲಿ ಕಿಟಕಿಯ ಗಾಜಿನ ಮೇಲೆ ಮಳೆಹನಿಗಳಿವೆ. ಅದು ಬಿರುಬೇಸಿಗೆ, ಸೇಲಂನಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರು ಬರುವ ಕಾಲ. ಒಂದೇ ದೃಶ್ಯದಲ್ಲಿ ಎರಡು ಸುಳ್ಳು ಸಿಕ್ಕಿದ ಮೇಲೆ ಮೂರನೆಯದನ್ನು ನಿಜವೆಂದು ಹೇಗೆ ಹೇಳುವುದು? ನಾನು ಓದಿದ್ದು ಸಂಖ್ಯಾಶಾಸ್ತ್ರ. ಸೇಲಂನ ಒಂದು ಕಾಲೇಜಿನಲ್ಲಿ ಅದನ್ನೇ ಕಲಿಸುತ್ತೇನೆ. ಇಂಥ ಸಾಕ್ಷಿಯನ್ನು ವಿದ್ಯಾರ್ಥಿಯೊಬ್ಬ ತಂದರೆ ವಾಪಸ್ಸು ಕಳಿಸುತ್ತೇನೆ.

ಕಣ್ಣಿನ ಆ ಚಲನೆ ಒಂದು ಉತ್ತರವಾಗಿತ್ತು. ಮಾವನ ಗಂಟಲಿಗೆ ತೂತು ಮಾಡಿ ಉಸಿರಾಟದ ಯಂತ್ರ ಜೋಡಿಸಬಹುದೆ ಎಂದು ಅವರನ್ನೇ ಕೇಳಿದ್ದೆವು. ಬಲಕ್ಕೆ ನೋಡಿದರೆ ಆಗಲಿ, ಎಡಕ್ಕೆ ನೋಡಿದರೆ ಬೇಡ. ಅವರು ನೋಡಿದರು. ಆಗಲಿ ಎಂದರು ಎಂದು ಅವರ ಹೆಂಡತಿ, ನನ್ನ ಅತ್ತೆ, ಹೇಳಿ ಕಾಗದಕ್ಕೆ ಸಹಿ ಮಾಡಿದರು. ಮಾವ ಆ ಯಂತ್ರದ ಜೊತೆ ಇನ್ನೂ ಹಲವು ವರ್ಷ ಬದುಕಿದರು. ಅಷ್ಟು ವರ್ಷಗಳ ಬದುಕು ಅವರೇ ಕೇಳಿ ಪಡೆದದ್ದೋ, ಬೇಡವೆಂದ ಮೇಲೂ ಅವರ ಮೇಲೆ ಹೇರಿದ್ದೋ ಎಂಬುದು ಆ ಒಂದು ನೋಟದ ಮೇಲೆ ನಿಂತಿತ್ತು.

ಮಾವ ಭೌತವಿಜ್ಞಾನಿ. ಹೊರದೇಶದ ಪಠ್ಯಪುಸ್ತಕಗಳಲ್ಲಿ ಅವರ ಹೆಸರಿನ ಒಂದು ಸಮೀಕರಣವಿದೆ. ಎಡಬಲಗಳ ಬಗ್ಗೆ ಅವರು ಸಂಶೋಧನೆ ಮಾಡಿದರು ಎಂದು ಬರೆದರೆ ಈ ಬರಹಕ್ಕೆ ಚೆನ್ನಾಗಿ ಹೊಂದುತ್ತದೆ, ಆದರೆ ಅವರು ಮಾಡಿದ್ದು ರಾಶಿಗಳ ಬಗ್ಗೆ. ಮರಳು, ರಾಗಿ, ಸಬ್ಬಕ್ಕಿ ಇಂಥ ಕಾಳುಗಳನ್ನು ಸುರಿಯುತ್ತ ಹೋದರೆ ಗೋಪುರದ ಹಾಗೆ ನಿಲ್ಲುತ್ತವೆ. ಒಂದು ಹಂತದಲ್ಲಿ ಒಂದೇ ಕಾಳು ಹೆಚ್ಚಾದರೂ ಒಂದು ಮಗ್ಗುಲು ಪೂರ್ತಿ ಜಾರುತ್ತದೆ. ಯಾವಾಗ ಜಾರುತ್ತದೆ, ಎಷ್ಟು ಜಾರುತ್ತದೆ ಎಂಬುದು ಅವರ ಜೀವಮಾನದ ಪ್ರಶ್ನೆ. ರಜೆಯಲ್ಲಿ ಸಬ್ಬಕ್ಕಿ ಮಿಲ್ಲಿನ ಕೆಲಸಕ್ಕೆ ಹೋಗುತ್ತಿದ್ದಾಗ ಒಣಗುವ ಕಣದಲ್ಲಿ ಗುಡ್ಡೆ ಎಳೆಯುತ್ತ ಆ ಪ್ರಶ್ನೆ ಹುಟ್ಟಿತು ಎಂದು ಅವರು ಹೇಳುತ್ತಿದ್ದರು. ಹುಟ್ಟಿದ್ದು ಮೆಟ್ಟೂರಿನ ಹತ್ತಿರದ ಹಳ್ಳಿಯಲ್ಲಿ. ತಾತ ಅಣೆಕಟ್ಟಿನಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಆಮೇಲೆ ಎಲ್ಲವೂ ಇಂಗ್ಲಿಷು. ಕನ್ನಡದ ಒಂದು ಅಕ್ಷರವನ್ನೂ ಓದಲು ಅವರಿಗೆ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನು ಮೈಸೂರಿಗೆ ಓದಲು ಹೋದ ಮೇಲೆ ಬಸ್ಸಿನ ಬೋರ್ಡುಗಳಿಂದ ಕಲಿತೆ.

ಕಾಯಿಲೆ ಬಂದಾಗ ಅವರು ಚೆನ್ನೈನಲ್ಲಿ ಪ್ರೊಫೆಸರು. ಮೊದಲು ಕೈಯಿಂದ ಸೀಮೆಸುಣ್ಣ ಜಾರಿ ಬೀಳತೊಡಗಿತು. ಆಮೇಲೆ ಅಂಗಿಯ ಗುಂಡಿ, ಆಮೇಲೆ ಮೆಟ್ಟಿಲು, ಆಮೇಲೆ ನಾಲಗೆ. ನರಗಳು ಒಂದೊಂದಾಗಿ ಸ್ನಾಯುಗಳ ಕೈಬಿಡುವ ಕಾಯಿಲೆ ಅದು. ಬಹಳ ಜನರನ್ನು ಬೇಗ ಮುಗಿಸುತ್ತದೆ, ಕೆಲವರಲ್ಲಿ ನಿಧಾನ. ಮಾವನದು ನಿಧಾನದ ಜಾತಿ. ಮಾತು ಪೂರ್ತಿ ನಿಂತ ಮೇಲೆ ಅತ್ತೆ ಅವರನ್ನು ಊರಿಗೆ ಕರೆತಂದರು. ಅತ್ತೆ ಶಾಲೆಯ ಟೀಚರು, ಧರ್ಮಪುರಿಯ ಕಡೆಯ ಒಕ್ಕಲು ಮನೆತನದವರು. ಮೆಟ್ಟೂರಿನ ಶಾಲೆಗೆ ವರ್ಗ ಮಾಡಿಸಿಕೊಂಡರು. ಅವರು ಶಾಲೆಗೆ ಹೋದಾಗ ಮಾವನನ್ನು ನೋಡಿಕೊಳ್ಳಲು ಅಜ್ಜಿ, ಅಂದರೆ ಮಾವನ ತಾಯಿ, ಹಳ್ಳಿಯಿಂದ ಬಂದು ಜೊತೆಗಿದ್ದಳು. ವಾರದ ಕೊನೆಗೆ ನಾನು ಸೇಲಂನಿಂದ ಬಸ್ಸು ಹತ್ತಿ ಹೋಗುತ್ತಿದ್ದೆ. ಎತ್ತುವುದು, ಮಗ್ಗುಲು ಬದಲಿಸುವುದು, ಸ್ನಾನ ಮಾಡಿಸುವುದು ನನ್ನ ಪಾಲಿನ ಕೆಲಸ.

ಪತ್ರಿಕೆಯವರು ಬರುತ್ತಿದ್ದರು. ದೇಹ ಬಂಧನದಲ್ಲಿ, ಮನಸ್ಸು ನಕ್ಷತ್ರಗಳಲ್ಲಿ ಎಂದು ಬರೆಯುತ್ತಿದ್ದರು. ಮಾವನಿಗೂ ನಕ್ಷತ್ರಗಳಿಗೂ ಏನೂ ಸಂಬಂಧವಿರಲಿಲ್ಲ. ನಿಮ್ಮ ಸಂದೇಶವೇನು ಎಂದು ಒಬ್ಬರು ಕೇಳಿದಾಗ ಅವರು ಕಣ್ಣಿನಿಂದ ಒಂದೊಂದೇ ಅಕ್ಷರ ತೋರಿಸಿ, ಸಬ್ಬಕ್ಕಿಯ ಬಗ್ಗೆ ಬರೆಯಿರಿ ಎಂದರು. ಆ ಮಾತು ಪತ್ರಿಕೆಯಲ್ಲಿ ಬರಲಿಲ್ಲ. ಹೊರದೇಶದ ಪ್ರೊಫೆಸರುಗಳೂ ಬಂದರು. ಅವರು ಮಂಚದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಗಂಟೆಗಟ್ಟಲೆ ಲೆಕ್ಕ ಮಾತಾಡುತ್ತಿದ್ದರು, ಅಜ್ಜಿ ಅವರ ಮುಂದೆ ರಾಗಿಕಳಿ ತಂದಿಡುತ್ತಿದ್ದಳು. ಮಾವ ಇಡೀ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಂಡು, ಕೊನೆಯ ಸಾಲನ್ನು ಮಾತ್ರ ಹೇಳುತ್ತಿದ್ದರು. ಅಕ್ಷರ ತೋರಿಸುವುದು ಅಷ್ಟು ಬೇಸರದ ಕೆಲಸವಾದ್ದರಿಂದ ಉಳಿದದ್ದನ್ನು ನೀವೇ ತುಂಬಿಕೊಳ್ಳಿ ಎಂಬ ಧೋರಣೆ. ಅವರು ಅಸಾಮಾನ್ಯರೆಂದು ನನಗೆ ಅನ್ನಿಸಿದ್ದು ಆ ಲೆಕ್ಕಗಳಿಂದಲ್ಲ. ಕೆನ್ನೆಯ ಮೇಲೆ ನೊಣ ಕೂತಾಗ ಅದನ್ನು ಯಾರಿಗೂ ಹೇಳಲು ಆತುರಪಡದೆ, ತಾವು ಹೇಳುತ್ತಿದ್ದ ವಾಕ್ಯ ಮುಗಿಸಿ ಆಮೇಲೆ ನೊಣದ ವಿಷಯಕ್ಕೆ ಬರುತ್ತಿದ್ದರು.

ಅಕ್ಷರ ತೋರಿಸಲು ಒಂದು ಗಾಜಿನಂಥ ಹಾಳೆ ಇತ್ತು. ಅದರ ಮೇಲೆ ಇಂಗ್ಲಿಷ್ ಅಕ್ಷರಗಳು. ಅತ್ತೆ ಅದನ್ನು ಮಾವನ ಮುಖದ ಮುಂದೆ ಹಿಡಿದು, ಅವರ ಕಣ್ಣು ಯಾವ ಅಕ್ಷರದಲ್ಲಿ ನಿಂತಿತೆಂದು ಆಚೆಯಿಂದ ಓದುತ್ತಿದ್ದರು. ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹೇಳುವುದು. ಅಜ್ಜಿಗೆ ಯಾವ ಅಕ್ಷರವೂ ಗೊತ್ತಿರಲಿಲ್ಲ. ಮಗ ಹಸಿದಿದ್ದಾನೋ, ಚಳಿಯಾಗುತ್ತಿದೆಯೋ ಎಂದು ತಿಳಿಯಲು ಸೊಸೆ ಶಾಲೆಯಿಂದ ಬರುವವರೆಗೆ ಕಾಯಬೇಕಿತ್ತು. ಅದು ಆಗುವ ಮಾತಲ್ಲ ಎಂದು ಅವಳು ತನ್ನದೇ ಒಂದು ದಾರಿ ಕಂಡುಕೊಂಡಳು. ಅದನ್ನು ಅವಳು ತಂದದ್ದು ಗುಡಿಯಿಂದ.

ನಮ್ಮ ಕಡೆ ದೊಡ್ಡ ಕೆಲಸಕ್ಕೆ ಮುಂಚೆ ಅಮ್ಮನ ಗುಡಿಯಲ್ಲಿ ಹೂ ಕೇಳುತ್ತಾರೆ. ಪೂಜಾರಿ ಎರಡು ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ ವಿಗ್ರಹದ ಎರಡು ಭುಜಕ್ಕೆ ಅಂಟಿಸುತ್ತಾನೆ. ಕೇಳುವವರು ವಿಷಯ ಹೇಳಿ ಕೈಮುಗಿದು ಕಾಯಬೇಕು. ಬಲದ ಹೂ ಮೊದಲು ಬಿದ್ದರೆ ಆಗಲಿ, ಎಡದ್ದು ಬಿದ್ದರೆ ಬೇಡ. ಬಲ ಎಂದರೆ ಅಮ್ಮನ ಬಲ, ಎದುರಿಗೆ ನಿಂತವರದಲ್ಲ. ಬಾವಿ ತೋಡಲು ಕೇಳುತ್ತಾರೆ, ಹೆಣ್ಣು ತರಲು ಕೇಳುತ್ತಾರೆ, ಈಗೀಗ ಆಪರೇಷನ್ನಿಗೂ ಕೇಳುತ್ತಾರೆ. ಒಂದು ವಿಷಯವನ್ನು ಒಂದೇ ಸಲ ಕೇಳಬೇಕು. ಉತ್ತರ ಹಿಡಿಸಲಿಲ್ಲವೆಂದೋ, ಅನುಮಾನ ಬಂತೆಂದೋ ಮತ್ತೆ ಕೇಳುವಂತಿಲ್ಲ.

ಮಾವ ಹುಡುಗರಾಗಿದ್ದಾಗ ಹಿತ್ತಲ ರುಬ್ಬುಗಲ್ಲಿಗೆ ಹೂ ಅಂಟಿಸಿ, ಒಂದೇ ಪ್ರಶ್ನೆಯನ್ನು ಇಡೀ ಮಧ್ಯಾಹ್ನ ಕೇಳುತ್ತ ಯಾವ ಕಡೆಯದು ಹೆಚ್ಚು ಬೀಳುತ್ತದೆಂದು ನೋಡಿದ್ದರಂತೆ. ಅಜ್ಜಿ ಕಂಡು ಸೌಟಿನಲ್ಲಿ ಬಾರಿಸಿದಳಂತೆ. ಹೆಸರು ಮಾಡಿದ ವಿಜ್ಞಾನಿಗಳ ಬಾಲ್ಯದಲ್ಲಿ ಇಂಥ ಕತೆಗಳು ತಾವಾಗಿ ಹುಟ್ಟಿಕೊಳ್ಳುತ್ತವೆ ಎಂದು ನನ್ನ ಗುಮಾನಿ. ಮಾವನನ್ನೇ ಕೇಳಿದೆ. ಅವರು ಹಾಳೆಯ ಮೇಲೆ ಹೇಳಿದ್ದು ಇಷ್ಟು: ಸೌಟು ನಿಜ.

ಅಜ್ಜಿಯ ದಾರಿ ಸರಳ. ಅವಳು ಪ್ರಶ್ನೆ ಹೇಳುವಳು. ಆಗಲಿ ಎನ್ನುವುದಾದರೆ ಮಾವ ಕಣ್ಣನ್ನು ಬಲಕ್ಕೆ ತಿರುಗಿಸಬೇಕು, ಬೇಡವಾದರೆ ಎಡಕ್ಕೆ. ಮೆಟ್ಟೂರಿನ ಮನೆಯಲ್ಲಿ ಮಂಚದ ಎಡಕ್ಕೆ ಕಿಟಕಿ. ಅದರಲ್ಲಿ ಕಾಣುವುದು ವಿದ್ಯುತ್ ಸ್ಥಾವರದ ಚಿಮಣಿ. ಬಲಕ್ಕೆ ಅಜ್ಜಿ ಕೂರುವ ಜಾಗ. ಹೀಗಾಗಿ ಬೇಕು ಎಂದರೆ ತಾಯಿಯನ್ನು ನೋಡುವುದು, ಬೇಡ ಎಂದರೆ ಚಿಮಣಿಯನ್ನು ನೋಡುವುದು ಎಂದಾಗಿತ್ತು. ಅಜ್ಜಿ ಅದನ್ನು ಹಾಗೆಯೇ ಹೇಳುತ್ತಿದ್ದಳು. “ಚಿಮ್ಣಿ ನೋಡ್‌ಬುಟ್ಟ ಕಣ್ಲಾ, ಇವತ್ತು ಇಡ್ಲಿ ಬ್ಯಾಡ್ವಂತೆ ದೊರೆಗೆ.” ಕ್ರಮೇಣ ಅತ್ತೆಯೂ ನಾನೂ ಚಿಕ್ಕಪುಟ್ಟದ್ದಕ್ಕೆಲ್ಲ ಅದನ್ನೇ ಬಳಸತೊಡಗಿದೆವು. ಹಾಳೆ ಲೆಕ್ಕಕ್ಕೆ, ಕಣ್ಣು ಸಂಸಾರಕ್ಕೆ. ಜಗಳಕ್ಕೂ ಅದೇ. ಅತ್ತೆ ಏನಾದರೂ ರೇಗಿದರೆ ಮಾವ ಚಿಮಣಿಯನ್ನು ದಿಟ್ಟಿಸಿ ಕೂರುವರು, ಅತ್ತೆ ಹೋಗಿ ಕಿಟಕಿಯ ಪರದೆ ಎಳೆದುಬಿಡುವರು.

ಆ ಬೇಸಿಗೆಯಲ್ಲಿ ಮಾವನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಮೆಟ್ಟೂರಿನಲ್ಲಿ ಆಗದೆಂದು ಆಂಬುಲೆನ್ಸಿನಲ್ಲಿ ಸೇಲಂಗೆ ತಂದರು. ನಾನು ಕಾಲೇಜಿನಿಂದ ನೇರವಾಗಿ ಆಸ್ಪತ್ರೆಗೆ ಹೋದೆ. ಮೇಲಿನ ಮಹಡಿಯ ಒಂದು ಚಿಕ್ಕ ಕೋಣೆ. ಮೂಗುಬಾಯಿಗೆ ಬಿಗಿಯಾದ ಮುಖವಾಡ ಹಾಕಿ ಗಾಳಿ ಕೊಡುತ್ತಿದ್ದರು. ಡಾಕ್ಟರು ಸೇಲಂನವರೇ, ತಮಿಳಿನಲ್ಲಿ ಸಮಾಧಾನವಾಗಿ ಹೇಳಿದರು. ಉಸಿರಿನ ಸ್ನಾಯುಗಳು ಸೋತಿವೆ, ಮುಖವಾಡ ಹೆಚ್ಚು ದಿನ ನಡೆಯದು. ಗಂಟಲಿನಲ್ಲಿ ತೂತು ಮಾಡಿ ಯಂತ್ರ ಜೋಡಿಸಿದರೆ ವರ್ಷಗಳೇ ಬದುಕಬಹುದು, ಆದರೆ ಯಂತ್ರವನ್ನು ಬಿಡುವಂತಿಲ್ಲ. ಬೇಡವೆಂದರೆ ನೋವಾಗದ ಹಾಗೆ ನೋಡಿಕೊಳ್ಳುತ್ತೇವೆ. ಇದನ್ನು ರೋಗಿಯೇ ನಿರ್ಧರಿಸಬೇಕು, ಅವರಿಗೆ ಈಗ ಎಚ್ಚರವಿದೆ, ನಾಳೆ ಇರುತ್ತದೆಂದು ಹೇಳಲಾರೆ.

ಮುಖವಾಡ ಕಣ್ಣಿಗೆ ಅಡ್ಡ ಬರುತ್ತಿದ್ದುದರಿಂದ ಹಾಳೆಯನ್ನು ಓದಲು ಆಗುತ್ತಿರಲಿಲ್ಲ. ಮಾವನಿಗೆ ಅಷ್ಟು ಹೊತ್ತು ಕಣ್ಣು ನಿಲ್ಲಿಸುವ ಶಕ್ತಿಯೂ ಇರಲಿಲ್ಲ. ಅತ್ತೆ ಕೇಳಲು ಹೋಗಿ ಅರ್ಧಕ್ಕೇ ಬಿಟ್ಟು ಅಜ್ಜಿಯ ಕಡೆ ತಿರುಗಿದರು. ಆಗ ಅಜ್ಜಿ ಕುರ್ಚಿಯಿಂದ ಮುಂದಕ್ಕೆ ಬಾಗಿ, ಸೆರಗಿನಿಂದ ಮಗನ ಹಣೆ ಒರೆಸಿ, ಗುಡಿಯಲ್ಲಿ ಕೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ ಕೇಳಿದಳು.

“ಗಂಟ್ಲಾಗೆ ತೂತಾಕಿ ಮಿಸಿನ್ ಇಡ್ತಾರಂತೆ ಮಗಾ. ಇಟ್ರೆ ಇರ್ತೀಯಂತೆ. ಇಡದಿದ್ರೆ ಇಲ್ವಂತೆ. ಆಗ್ಲಿ ಅನ್ನೋದಾದ್ರೆ ಬಲಕ್ಕೆ ನೋಡು. ಬ್ಯಾಡಾಂದ್ರೆ ಎಡಕ್ಕೆ ನೋಡು. ನಿನ್ ಮನ್ಸು ಎಂಗೈತೋ ಅಂಗೆ.”

ಮಾವ ಕಣ್ಣು ಮುಚ್ಚಿದರು. ತೆರೆದರು. ಆಮೇಲೆ ಒಂದು ಪಕ್ಕಕ್ಕೆ ತಿರುಗಿಸಿದರು.

ನನ್ನ ನೆನಪಿನಲ್ಲಿ ಅವರು ತಿರುಗಿಸಿದ್ದು ಅಜ್ಜಿಯ ಕಡೆಗೆ. ಇದರಲ್ಲಿ ನನಗೂ ಅತ್ತೆಗೂ ಭಿನ್ನಾಭಿಪ್ರಾಯವಿಲ್ಲ. ನನ್ನ ನೆನಪಿನಲ್ಲಿ ಆ ಕೋಣೆಯಲ್ಲಿ ಅಜ್ಜಿ ಕೂತಿದ್ದು ಹಾಸಿಗೆಯ ಎಡಕ್ಕೆ. ಅಂದರೆ ಕೇಳಿದ ಮಾತಿನ ಪ್ರಕಾರ ಅದು ಬೇಡ. ಮನೆಯ ಅಭ್ಯಾಸದ ಪ್ರಕಾರ, ತಾಯಿಯನ್ನು ನೋಡುವುದೆಂದರೆ ಆಗಲಿ. ಅತ್ತೆ ಒಡನೆಯೇ, ಆಗಲಿ ಅಂದರು, ಎಂದರು. ಡಾಕ್ಟರು ಇಂಥ ಸಂದರ್ಭದಲ್ಲಿ ಪ್ರಶ್ನೆಯನ್ನು ತಿರುಗುಮುರುಗು ಮಾಡಿ ಇನ್ನೊಮ್ಮೆ ಕೇಳುವುದು ರೂಢಿ ಎಂದರು. ನಾನೂ ಕೇಳೋಣ ಎಂದೆ. ಯಾವ ಅಳತೆಯನ್ನೂ ಒಂದೇ ಸಲ ತೆಗೆದು ನಂಬಬಾರದೆಂದು ನನಗೆ ಕಲಿಸಿದವರೇ ಮಾವ.

ಅಜ್ಜಿ ನನ್ನ ಕಡೆ ನೋಡಲಿಲ್ಲ. “ಒಂದ್ ಸರ್ತಿ ಕೇಳಾಯ್ತು. ಇನ್ನೊಂದ್ ಸರ್ತಿ ಕೇಳಿದ್ರೆ ಅವನ್ ಮಾತ್ನ ನಂಬಾಕಿಲ್ಲ ಅಂದಂಗೆ. ಸಾಯೋ ಸ್ಥಿತೀಲಿ ಇರೋನ್ಗೆ ಅದೊಂದು ಅವಮಾನ ಬ್ಯಾರೆ ಮಾಡ್ಬೇಕಾ?”

ಅವಳು ಹೇಳಿದ್ದನ್ನು ಅತ್ತೆ ತಮಿಳಿನಲ್ಲಿ ಡಾಕ್ಟರಿಗೆ ತಿಳಿಸಿದರು. ಅವರು, ನಮ್ಮೂರ ಗುಡಿಯಲ್ಲೂ ಹಾಗೆಯೇ, ಎಂದರು. ಹೆಂಡತಿ ನೋಡಿ ಹೇಳಿದ್ದಾರೆ, ಅಷ್ಟು ಸಾಕು ಎಂದು ಕಾಗದ ತರಿಸಿದರು. ಬೇರೆ ಊರಿನ ಡಾಕ್ಟರಾಗಿದ್ದರೆ ಮತ್ತೊಮ್ಮೆ ಕೇಳಿಯೇ ತೀರುತ್ತಿದ್ದರು. ಈ ಬರಹವೇ ಬೇಕಾಗುತ್ತಿರಲಿಲ್ಲ.

ಯಂತ್ರದ ಜೊತೆಗಿನ ವರ್ಷಗಳನ್ನು ಒಂದೇ ಬಣ್ಣದಲ್ಲಿ ಹೇಳಲಾರೆ. ಮಾವನ ಗಂಟಲಿನಿಂದ ಬರುತ್ತಿದ್ದ ಗೊರಗೊರ ಸದ್ದೂ ನಿಂತಿತು. ಆ ಸದ್ದಿನಲ್ಲಿ ನಗುವನ್ನು ಗುರುತಿಸುತ್ತಿದ್ದೆವು. ಇನ್ನು ಹುಬ್ಬಿನಿಂದ ಗುರುತಿಸಬೇಕಾಯಿತು. ಕಫ ಎಳೆಯುವ ಕೊಳವೆಯನ್ನು ಗಂಟಲಿಗೆ ಇಳಿಸಿದಾಗಲೆಲ್ಲ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ವಿದ್ಯುತ್ ಸ್ಥಾವರದ ನೆರಳಲ್ಲಿದ್ದ ಮನೆಯಲ್ಲೇ ಕರೆಂಟು ಹೋಗುತ್ತಿತ್ತು. ಆಗ ಯಂತ್ರ ಬ್ಯಾಟರಿಗೆ ಬದಲಾಗುವ ಚಿಕ್ಕ ಕೂಗಿಗೆ ಅತ್ತೆ ಎಲ್ಲಿದ್ದರೂ ಓಡಿ ಬರುತ್ತಿದ್ದರು. ಅತ್ತೆ ಸ್ವಯಂನಿವೃತ್ತಿ ತೆಗೆದುಕೊಂಡರು. ಮದುವೆಗಳಿಗೆ ಹೋಗುವುದನ್ನು ಬಿಟ್ಟರು. ಇನ್ನೊಂದು ಕಡೆ, ರಾಶಿಗಳ ಬಗ್ಗೆ ಮಾವ ಬರೆದ ಅತಿ ಒಳ್ಳೆಯ ಪ್ರಬಂಧ ಆ ವರ್ಷಗಳದು ಎಂದು ಬಲ್ಲವರು ಹೇಳುತ್ತಾರೆ. ಕ್ರಿಕೆಟ್ ನೋಡುತ್ತಿದ್ದರು. ನನ್ನ ಮಗಳಿಗೆ ಹೆಸರಿಡುವಾಗ ನಾವು ಆರಿಸಿದ ಹೆಸರುಗಳಿಗೆಲ್ಲ ಚಿಮಣಿ ತೋರಿಸಿ, ತಮ್ಮದೊಂದನ್ನು ಅಕ್ಷರ ಅಕ್ಷರವಾಗಿ ಹೇಳಿ ಗೆದ್ದರು.

ಆ ಪ್ರಶ್ನೆಯನ್ನು ಅವರಿಗೆ ಯಾರೂ ಮತ್ತೆ ಕೇಳಲಿಲ್ಲ. ಅಜ್ಜಿ ಕೇಳುವವಳಲ್ಲ. ಅತ್ತೆ ಯಾಕೆ ಕೇಳಲಿಲ್ಲವೆಂದು ನನಗೆ ಆಗ ಅರ್ಥವಾಗಲಿಲ್ಲ. ನಾನು ಕೇಳಿದೆ. ಒಂದು ಭಾನುವಾರ, ಅತ್ತೆ ಸಂತೆಗೆ ಹೋಗಿದ್ದಾಗ, ಅಜ್ಜಿ ಹಿತ್ತಲಲ್ಲಿದ್ದಾಗ. ಮಾವ, ಅವತ್ತು ಆಸ್ಪತ್ರೆಯಲ್ಲಿ ನೀವು ಆಗಲಿ ಅಂದಿರೋ ಬೇಡ ಅಂದಿರೋ ಎಂದು. ಅವರು ನನ್ನನ್ನು ಸುಮಾರು ಹೊತ್ತು ನೋಡಿದರು. ನಾನು ಹಾಳೆ ಎತ್ತಿ ಹಿಡಿದೆ. ಅವರು ಹೇಳಿದ್ದು ಎರಡೇ ಪದ. ಅವ್ವನ್ನ ನೋಡ್ದೆ.

ಅದು ಆಗಲಿ ಅಂತಲೋ ಬೇಡ ಅಂತಲೋ ಎಂದು ಮತ್ತೆ ಕೇಳಿದೆ. ಅವರು ಕಣ್ಣು ಮುಚ್ಚಿಕೊಂಡರು. ಅದು ಇವತ್ತಿಗೆ ಸಾಕು ಎಂಬುದರ ಗುರುತು.

ಇದಕ್ಕೆ ಸಾಕ್ಷಿಯಿಲ್ಲ. ಕೋಣೆಯಲ್ಲಿ ನಾವಿಬ್ಬರೇ. ನಾನು ಹಾಳೆ ಓದುವುದರಲ್ಲಿ ಅತ್ತೆಯಷ್ಟು ಚುರುಕಲ್ಲ. ನಡುವೆ ಒಂದು ಅಕ್ಷರ ತಪ್ಪಿಸಿ ನಾನೇ ತುಂಬಿಕೊಂಡಿದ್ದರೂ ಇರಬಹುದು. ಎಷ್ಟೋ ಸಲ ಆ ಮಧ್ಯಾಹ್ನವನ್ನು ನೆನೆದಿದ್ದೇನೆ. ನೆನೆದಷ್ಟೂ ಅದು ಹೆಚ್ಚು ಸ್ಪಷ್ಟವಾಗುತ್ತದೆ. ಸ್ಪಷ್ಟವಾಗುತ್ತ ಹೋಗುವ ನೆನಪಿನ ಮೇಲೆ ನನಗೆ ಇನ್ನೂ ಕಡಿಮೆ ನಂಬಿಕೆ.

ಅಜ್ಜಿ ಮೊದಲು ಹೋದಳು. ಮಾರನೆಯ ವರ್ಷ ಮಾವ ಹೋದರು, ಯಂತ್ರ ಓಡುತ್ತಿದ್ದಂತೆಯೇ, ಹೃದಯ ನಿಂತು. ಕಾರ್ಯದ ದಿನ ಊಟಕ್ಕೆ ಕೂತ ಪಂಕ್ತಿಯಲ್ಲಿ ನೆಂಟರ ಹೆಂಗಸೊಬ್ಬರು ಪಕ್ಕದವರಿಗೆ, ಆ ಮನುಷ್ಯನನ್ನು ಮಿಸಿನ್ನಿಗೆ ಕಟ್ಟಿಹಾಕಿ ವರ್ಷಗಟ್ಟಲೆ ಒದ್ದಾಡಿಸಿದಳು, ದೊಡ್ಡವರ ಹೆಂಡತಿ ಅನ್ನಿಸಿಕೊಳ್ಳುವ ಆಸೆಗೆ, ಎಂದರು. ಅತ್ತೆ ಸಾರಿನ ಬಕೆಟ್ಟು ಹಿಡಿದು ಅವರ ಎದುರಿಗೇ ಇದ್ದರು. ಬಡಿಸಿ ಮುಂದೆ ಹೋದರು.

ಸಂಜೆ ಎಲ್ಲರೂ ಹೋದ ಮೇಲೆ ಅತ್ತೆ ಮಾವನ ಮಂಚದ ಮೇಲೆ ಕೂತು, ಉಳಿದಿದ್ದ ಕೊಳವೆಗಳನ್ನು ಬೇರೆ ರೋಗಿಗಳಿಗೆ ಕೊಡಲೆಂದು ಡಬ್ಬದಲ್ಲಿ ಜೋಡಿಸುತ್ತಿದ್ದರು. ನನ್ನನ್ನು ಕರೆದು ಕೂರಿಸಿಕೊಂಡರು.

“ಅವತ್ತು ನೀನೂ ಇದ್ದಲ್ಲ. ಏನ್ ನೋಡ್ದೆ, ಏಳು.”

ಅವರಿಗೆ ಬೇಕಾಗಿದ್ದ ಮಾತು ಯಾವುದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನಗೆ ನೆನಪಿದ್ದದ್ದನ್ನೇ ಹೇಳಿದೆ: ಮಾವ ಅಜ್ಜಿಯನ್ನು ನೋಡಿದರು, ಅಜ್ಜಿ ಎಡಕ್ಕಿದ್ದಳು ಎಂದು ನನ್ನ ನೆನಪು, ಆದ್ದರಿಂದ ಅದು ಆಗಲಿಯೋ ಬೇಡವೋ ಎಂದು ಹೇಳಲು ಬರುವುದಿಲ್ಲ.

ಅತ್ತೆಯ ಕೈ ನಿಂತಿತು. “ಅವ್ವ ಎಡಕ್ಕಿರ್ಲಿಲ್ಲ. ಅವ್ವ ಯಾವತ್ತು ಎಡಕ್ಕೆ ಕೂತವ್ಳೆ? ಬಲಕ್ಕೇ ಇದ್ಲು. ಕಂಡಿಪ್ಪಾ ಬಲಕ್ಕೇ. ಅವ್ರು ಬಲಕ್ಕೇ ನೋಡಿದ್ದು.”

ಅದು ಮನೆಯಲ್ಲಿ, ಆಸ್ಪತ್ರೆಯಲ್ಲಿ ಬೇರೆ ಇದ್ದಿರಬಹುದು ಎಂದೆ.

“ನಿಂಗೆ ಸಂಬ್ಳ ಕೊಡೋದೇ ಅನ್ಮಾನ ಪಡಾಕೆ ಕಣ್ಲಾ. ನಾನು ಅನ್ಮಾನ ಪಟ್ಕೊಂಡು ಈ ಮನೇಲಿ ಎಂಗಿರ್ಲಿ, ಅದ ಏಳು.”

ಮಾವ ಹೇಳಿದ ಆ ಎರಡು ಪದಗಳನ್ನು ಹೇಳಿದೆ. ಅವರು ಅದನ್ನು ಕೇಳಿ, ಅವ್ವನ್ನ ನೋಡ್ದೆ ಅಂದ್ರಾ, ಎಂದು ತಾವೂ ಒಮ್ಮೆ ಹೇಳಿಕೊಂಡು ಮತ್ತೆ ಕೊಳವೆ ಜೋಡಿಸತೊಡಗಿದರು. ಆವತ್ತು ನನಗೆ ಅರ್ಥವಾಯಿತು, ಅವರು ಮಾವನನ್ನು ಯಾಕೆ ಎಂದೂ ಕೇಳಲಿಲ್ಲವೆಂದು. ಮಾವ ಬದುಕಿದ್ದಾಗ ಆಗಲಿ ಎಂದಿದ್ದರೆ, ತಮ್ಮ ಸಮಾಧಾನಕ್ಕೆ ಹೇಳಿದರೆಂದು ಅತ್ತೆಗೆ ಅನ್ನಿಸುತ್ತಿತ್ತು. ಬೇಡ ಎಂದಿದ್ದೆ ಎಂದಿದ್ದರೆ, ಮರುದಿನ ಬೆಳಿಗ್ಗೆ ಎದ್ದು ಕಫ ಎಳೆಯುವುದು ಹೇಗೆ? ಅವರಿಗೆ ಬೇಕಾಗಿದ್ದು ಆ ದಿನದ, ಆ ಕ್ಷಣದ ಉತ್ತರ. ಮನೆಯವರಲ್ಲಿ ಅದನ್ನು ನೋಡಿ ಉಳಿದವರು ನಾವಿಬ್ಬರೇ, ನಾನು ಅದನ್ನು ಕಲಕಿಬಿಟ್ಟಿದ್ದೆ.

ಆಮೇಲೆ ಎರಡು ವರ್ಷ ನಾನು ಮೆಟ್ಟೂರಿಗೆ ಹೋಗಿಬರುತ್ತಲೇ ಇದ್ದೆ. ಅತ್ತೆ ಕಾಫಿ ಕೊಡುವರು, ಮಗಳ ಓದು ವಿಚಾರಿಸುವರು, ಆ ವಿಷಯ ಎತ್ತುತ್ತಿರಲಿಲ್ಲ. ಆದರೆ ಮಾವನ ಫೋಟೋ ಇದ್ದ ಗೋಡೆಯ ಕಡೆಗೆ ಬೆನ್ನು ಮಾಡಿ ಕೂರುತ್ತಿದ್ದರು. ಮೊದಲು ಹಾಗೆ ಕೂರುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. ಇದೂ ನನ್ನ ಊಹೆ ಇರಬಹುದು. ಒಂದು ಸಲ ಬಸ್ಸಿಗೆ ಹೊರಟಾಗ ಬಾಗಿಲವರೆಗೆ ಬಂದು, “ನಿಂಗೆ ಇನ್ನೂ ಎಡಾಂತ್ಲೇ ಅನ್ಸುತ್ತಾ?” ಎಂದು ಕೇಳಿದರು. ಗೊತ್ತಿಲ್ಲ ಅತ್ತೆ ಎಂದೆ. ಗೊತ್ತಿಲ್ಲದಿದ್ದರೆ ಹೋಗಿ ನೋಡಿಕೊಂಡು ಬಾ ಎಂದರು. ನಗುತ್ತ ಹೇಳಿದರೋ ಇಲ್ಲವೋ ಕತ್ತಲಲ್ಲಿ ಕಾಣಲಿಲ್ಲ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಇಷ್ಟು ವರ್ಷ ನಾನು ನೆನಪನ್ನೇ ನೆನಪಿನಿಂದ ಪರೀಕ್ಷಿಸುತ್ತಿದ್ದೆ. ನಾನು ಹಾಸಿಗೆಯ ಕಾಲ್ದೆಸೆಯಲ್ಲಿ, ಮಾವನಿಗೆ ಎದುರಾಗಿ ನಿಂತಿದ್ದೆ. ಎದುರಿಗೆ ನಿಂತವನ ಎಡ ಮಲಗಿದವರ ಬಲ. ಇದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಎಡ ಎನ್ನುತ್ತಿದ್ದೇನೆ ಎಂದು ನನ್ನ ಭಾವನೆ. ಆದರೆ ಒಮ್ಮೆ ತಿರುಗಿಸಬೇಕಾದದ್ದನ್ನು ಎರಡು ಸಲ ತಿರುಗಿಸಿದ್ದೇನೆಯೇ ಎಂದು ತಲೆಯೊಳಗೆ ಕೂತು ಹೇಗೆ ತಿಳಿಯುವುದು? ಅಜ್ಜಿ ಇಲ್ಲ, ಮಾವ ಇಲ್ಲ. ಕೋಣೆ ಮಾತ್ರ ಇದೆ.

ಮರುವಾರ ಆಸ್ಪತ್ರೆಗೆ ಹೋಗಿ ಆ ಡಾಕ್ಟರನ್ನು ಕಂಡೆ. ಕನ್ನಡಕದ ವಿಷಯ ಗೊತ್ತಾದದ್ದು ಆಗಲೇ. ಅವರಿಗೆ ಮಾವನ ನೆನಪಿತ್ತು, ಗುಡಿಯ ಮಾತೂ ನೆನಪಿತ್ತು, ಅಜ್ಜಿ ಯಾವ ಪಕ್ಕ ಕೂತಿದ್ದಳೆಂಬುದು ನೆನಪಿರಲಿಲ್ಲ. ಯಾಕೆ ಬೇಕು ಎಂದು ಕೇಳಿದರು. ಹೇಳಿದೆ. ಅವರು ನನ್ನನ್ನು ತಮಾಷೆ ಮಾಡಲಿಲ್ಲ. ಕೋಣೆ ಖಾಲಿ ಇದೆಯೇ ಎಂದು ವಿಚಾರಿಸಿ ಒಬ್ಬ ನರ್ಸಮ್ಮನ ಜೊತೆ ಮೇಲಕ್ಕೆ ಕಳಿಸಿದರು.

ಕೋಣೆ ನನ್ನ ನೆನಪಿಗಿಂತ ಚಿಕ್ಕದು. ಕಿಟಕಿ ಇತ್ತು, ಆದರೆ ನಾನು ಅಂದುಕೊಂಡಿದ್ದಕ್ಕಿಂತ ಬಹಳ ಮೇಲೆ. ಅದರಲ್ಲಿ ಮಳೆಹನಿಯನ್ನು ಕಾಣಬೇಕಾದರೆ ಕತ್ತೆತ್ತಿ ನೋಡಬೇಕು. ಹಾಸಿಗೆಯನ್ನು ಆಗಿನಿಂದ ಈಚೆಗೆ ತಿರುಗಿಸಿ ಹಾಕಿದ್ದಾರೆಯೇ ಎಂದು ನರ್ಸಮ್ಮನನ್ನು ಕೇಳಿದೆ. ಗಾಳಿಯ ಕೊಳವೆ ಗೋಡೆಯೊಳಗೆ ಬಂದಿದೆ, ಅದರ ಬಾಯಿ ಇರುವ ಕಡೆಗೇ ತಲೆ ಬರಬೇಕು, ಕಟ್ಟಡ ಕಟ್ಟಿದಾಗಿನಿಂದ ಹೀಗೆಯೇ ಎಂದರು. ಕೊಳವೆಯ ಬಾಯಿಯ ಸುತ್ತ ಒಡೆದು ಮೆತ್ತಿದ ಗುರುತೇನಾದರೂ ಇದೆಯೇ ಎಂದು ಬೆರಳಿನಿಂದ ಸವರಿ ನೋಡಿದೆ. ಇರಲಿಲ್ಲ. ಎಡಬಲದಲ್ಲಿ ಮತ್ತೆ ಮೋಸ ಹೋಗಬಾರದೆಂದು ಚಪ್ಪಲಿ ಬಿಟ್ಟು ಹಾಸಿಗೆಯ ಮೇಲೆ ಮಲಗಿದೆ. ನರ್ಸಮ್ಮ ಬಾಗಿಲಲ್ಲಿ ನಿಂತು, ಏನಾಗಿದೆ ಸಾರ್ ನಿಮಗೆ ಎಂದು ತಮಿಳಿನಲ್ಲಿ ಕೇಳಿದರು. ಬಲಗೈ ಎತ್ತಿದೆ, ಎಡಗೈ ಚಾಚಿದೆ. ಮೇಲೆ ಫ್ಯಾನು ತಿರುಗುತ್ತಿತ್ತು. ಮಾವ ನೋಡಿದ್ದೂ ಇದೇ ಫ್ಯಾನಿರಬೇಕು. ಖಚಿತವಿಲ್ಲ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆಗೆ ಫೋನು ಮಾಡಿದೆ. ಆಸ್ಪತ್ರೆಗೆ ಬಂದಿದ್ದೇನೆ, ಕೋಣೆ ನೋಡಿದೆ ಎಂದೆ. ಹಿನ್ನೆಲೆಯಲ್ಲಿ ಕುಕ್ಕರು ಕೂಗಿ ನಿಂತಿತು. ಆಮೇಲೆ, “ನೋಡಿದ್ದ ಮಾತ್ರ ಏಳು. ಯೋಚ್ನೆ ಮಾಡಿದ್ದ ಏಳ್ಬ್ಯಾಡ,” ಎಂದರು.

ಮಾವನ ಮನಸ್ಸಿನಲ್ಲಿ ಏನಿತ್ತೆಂಬುದು ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಆದ್ದರಿಂದ ಅತ್ತೆಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ. ಆ ಕೋಣೆಯಲ್ಲಿ ಹಾಸಿಗೆಯ ಎಡಮಗ್ಗುಲು, ಅಂದರೆ ಮಲಗಿದವರ ಎಡ, ಗೋಡೆಗೆ ತಾಗಿಕೊಂಡಿದೆ, ನಡುವೆ ಒಂದು ಕೈ ತೂರಿಸುವಷ್ಟೇ ಸಂದು. ಕುರ್ಚಿ ಹಾಕಿ ಕೂರಲು ಜಾಗವಿರುವುದು ಬಲಗಡೆ ಮಾತ್ರ.